ಆಪರೇಟರ್ ಬಿಟ್ಟ ರೀಲು

ಎಲ್ಲಕ್ಕೂ ಕಾರಣವಾದದ್ದು ಪೋಸ್ಟರಿನ ಕೆಳತುದಿಯಲ್ಲಿದ್ದ ಒಂದು ಪುಟ್ಟ ಸಾಲು. ಪೋಸ್ಟರಿನ ಮುಕ್ಕಾಲು ಭಾಗವನ್ನು ಮತ್ಸ್ಯಕನ್ಯೆಯ ಬಾಲವೇ ಹಿಡಿದುಕೊಂಡಿತ್ತು. ಉಳಿದ ಕಾಲು ಭಾಗದಲ್ಲಿ ನಾಯಕ, ಸಮುದ್ರ, ಚಂದ್ರ ಎಲ್ಲರೂ ಹೊಂದಿಕೊಂಡು ನಿಂತಿದ್ದರು. ಅದರ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ‘ಸಂಪೂರ್ಣ ಚಿತ್ರ, ಎರಡು ಗಂಟೆ ನಲವತ್ತು ನಿಮಿಷ’ ಎಂದು ಅಚ್ಚಾಗಿತ್ತು. ಬೇರೆ ಯಾರೂ ಅದನ್ನು ಓದುತ್ತಿರಲಿಲ್ಲ. ಆದರೆ ಚಿತ್ರಮಂದಿರದ ಎದುರಿಗೇ ಕ್ಷೌರದಂಗಡಿ ಇಟ್ಟವನಿಗೆ ಗಿರಾಕಿಗಳ ಕೆನ್ನೆ ಬಿಟ್ಟರೆ ದಿನವಿಡೀ ನೋಡಲು ಇದ್ದದ್ದು ಆ ಪೋಸ್ಟರೊಂದೇ.

"ಆಪರೇಟ್ರೇ, ನಂಗೊಂದು ಡೌಟು" ಎಂದ ಕ್ಷೌರಿಕ, ಕತ್ತಿಯನ್ನು ಗಾಳಿಯಲ್ಲೇ ನಿಲ್ಲಿಸಿ.

ಕುರ್ಚಿಯಲ್ಲಿ ಕೂತಿದ್ದದ್ದು ಚಿತ್ರಮಂದಿರದ ಆಪರೇಟರ್. ಎಡಗೆನ್ನೆ ನುಣ್ಣಗಾಗಿತ್ತು, ಬಲಗೆನ್ನೆ ಇನ್ನೂ ನೊರೆಯಲ್ಲಿತ್ತು. "ಕೇಳು" ಎಂದ ಅವನು, ತುಟಿ ಅಲುಗಿಸದೆ.

"ಈ ಪಿಚ್ಚರು ನಾನು ಹತ್ತೊಂಬತ್ತು ಸಲ ನೋಡಿದೀನಿ. ಅಂಗಡಿ ಬಾಗಿಲು ಹಾಕ್ಕೊಂಡು ಹೋಗ್ತಿದ್ನಲ್ಲ, ಟೈಮು ಬಾಯಿಪಾಠ ಆಗಿದೆ. ಇಂಟರ್‌ವಲ್ ಬಿಟ್ರೆ ಎರಡು ಗಂಟೆ ಇಪ್ಪತ್ತೊಂಬತ್ತು ನಿಮಿಷ. ಇಲ್ಲಿ ನೋಡಿದ್ರೆ ಎರಡು ನಲವತ್ತು ಅಂತ ಹಾಕಿದಾರೆ. ಈ ಹನ್ನೊಂದು ನಿಮಿಷ ಎಲ್ಲಿಂದ ಬಂತು?"

ಆಪರೇಟರ್ ಕುರ್ಚಿಯಿಂದ ನೆಟ್ಟಗೆ ಎದ್ದು ನಿಂತ. ಕತ್ತಿ ಗಾಳಿಯಲ್ಲಿದ್ದದ್ದರಿಂದ ಕಿವಿ ಉಳಿಯಿತು. "ಜಾಹೀರಾತು ಸೇರಿಸಿರ್ತಾರೆ" ಎಂದು ಹೇಳಿ, ನೊರೆಯನ್ನು ತೋಳಿನಲ್ಲಿ ಒರೆಸಿಕೊಂಡು, ಅರ್ಧ ಗಡ್ಡದಲ್ಲೇ ರಸ್ತೆ ದಾಟಿ ಓಡಿದ.

ಹನ್ನೊಂದು ನಿಮಿಷ ಎಂದರೆ ಸರಿಯಾಗಿ ಒಂದು ರೀಲು. ಆ ರೀಲು ಎಲ್ಲಿಗೆ ಹೋಗಿತ್ತು ಎಂಬುದು ಇಡೀ ಊರಿನಲ್ಲಿ ತನಗೊಬ್ಬನಿಗೇ ಗೊತ್ತಿರುವುದು ಎಂದು ಅವನು ಮೂವತ್ತು ವರ್ಷದಿಂದ ತಿಳಿದುಕೊಂಡಿದ್ದ.

ಸಿನಿಮಾದ ಕತೆ ದೊಡ್ಡದೇನಲ್ಲ. ದೋಣಿಗಳಿಗೆ ಬಣ್ಣ ಬಳಿಯುವ ಒಬ್ಬ ಹುಡುಗ, ಬಲೆಗೆ ಸಿಕ್ಕಿದ ಒಬ್ಬಳು ಮತ್ಸ್ಯಕನ್ಯೆ. ಅವಳನ್ನು ಅವನು ಮನೆಯ ಮಹಡಿ ಮೇಲಿನ ನೀರಿನ ಟ್ಯಾಂಕಿನಲ್ಲಿ ಬಚ್ಚಿಡುತ್ತಾನೆ. ಕೆಳಗೆ ಅವನ ಸೋದರತ್ತೆ ನಲ್ಲಿ ತಿರುಗಿಸಿದಾಗಲೆಲ್ಲ ನೀರಿನ ಬದಲು ಹಾಡು ಬರುತ್ತದೆ. ಮತ್ಸ್ಯಕನ್ಯೆ ಚಹಾಕ್ಕೆ ಸಕ್ಕರೆ ಬೇಡವೆಂದು ಉಪ್ಪು ಹಾಕಿಕೊಳ್ಳುತ್ತಾಳೆ. ನೆಂಟರು ಬಂದರೆ ಸೊಂಟದಿಂದ ಕೆಳಗೆ ಕಂಬಳಿ ಸುತ್ತಿಕೊಂಡು ಜ್ವರ ಎನ್ನುತ್ತಾಳೆ. ಕೊನೆಗೆ, ಸಮುದ್ರರಾಜನಾದ ಅಪ್ಪನಿಗೆ ಎದುರು ಮಾತಾಡಿ, ಬಾಲ ಕಳಚಿಟ್ಟು, ಒದ್ದೆ ಬಟ್ಟೆಯಲ್ಲೇ ಹುಡುಗನ ಮನೆಯ ಮೆಟ್ಟಿಲು ಹತ್ತಿ ಬಾಗಿಲು ತಟ್ಟುತ್ತಾಳೆ. ಅವನು ತೆರೆಯುತ್ತಾನೆ. "ಮನೇಲಿ ಉಪ್ಪಿದೆಯಾ?" ಎನ್ನುತ್ತಾಳೆ. ಪರದೆ ಕಪ್ಪಾಗುತ್ತದೆ.

ಅಷ್ಟೇ. ಆದರೆ ಸಮುದ್ರವನ್ನು ಕಣ್ಣಾರೆ ಕಂಡವರು ನಾಲ್ಕು ಮಂದಿಯೂ ಇಲ್ಲದ ಆ ಊರಿಗೆ ಹಿಡಿದ ಹುಚ್ಚು ಮತ್ತೆ ಇಳಿಯಲಿಲ್ಲ. ಚಿತ್ರ ನೂರು ದಿನ ಓಡಿತು. ಹುಡುಗಿಯರು ಎರಡೂ ಕಾಲು ಜೋಡಿಸಿ ಓರೆಯಾಗಿ ಕೂರುವುದನ್ನು ಕಲಿತರು. ಹುಡುಗರು ತಲೆಗೂದಲನ್ನು ಅಲೆ ಅಲೆಯಾಗಿ ಕತ್ತರಿಸಿಕೊಂಡರು. ಒಬ್ಬಳನ್ನು ಕೇಳಬೇಕಾದದ್ದನ್ನು ಕೇಳಲು ಬಾಯಿ ಬಾರದವನು ಒಂದು ಪುಡಿಕೆ ಉಪ್ಪು ಕೊಟ್ಟರೆ ಸಾಕಿತ್ತು, ಅವಳು ತೆಗೆದುಕೊಂಡರೆ ಮದುವೆ ನಿಶ್ಚಯ. ಹಾಗೆ ಮದುವೆಯಾದವರಿಗೆ ಊರಿನಲ್ಲಿ ‘ಉಪ್ಪು ಜೋಡಿ’ ಎಂದೇ ಹೆಸರು. ಅಂಥವರು ನಲವತ್ತೊಂದು ಜೋಡಿ ಇದ್ದರು. ಅವರಲ್ಲಿ ಮೊದಲನೇ ಜೋಡಿ ಆಪರೇಟರ್ ಮತ್ತು ಅವನ ಹೆಂಡತಿ.

ಆಮೇಲೆ ನಿರ್ಮಾಪಕನಿಗೂ ಅವನ ತಮ್ಮನಿಗೂ ಜಗಳವಾಗಿ ಸಿನಿಮಾ ಕೋರ್ಟಿನಲ್ಲಿ ಸಿಕ್ಕಿಕೊಂಡಿತು. ಟೀವಿಯಲ್ಲೂ ಬರಲಿಲ್ಲ, ಫೋನಿನಲ್ಲೂ ಸಿಗಲಿಲ್ಲ. ಸಿಗದ್ದರಿಂದ ಪ್ರೀತಿ ಇನ್ನೂ ಗಟ್ಟಿಯಾಯಿತು. ಪಕ್ಕದ ಮನೆಯ ಟೀಚರಮ್ಮನ ಭಾವ ಒಮ್ಮೆ ಬೇರೆ ಊರಿನಿಂದ ಬಂದವರು, "ಆಮೇಲೆ ಅವನೇ ಸಮುದ್ರಕ್ಕೆ ಹಾರ್ತಾನಲ್ಲ" ಎಂದು ಬಾಯಿ ತೆರೆದದ್ದೇ ತಡ, ಟೀಚರಮ್ಮ ಅವರನ್ನು ಮುಂದೆ ಮಾತಾಡಲು ಬಿಡಲಿಲ್ಲ. ಇವತ್ತಿಗೂ ಎರಡು ಮನೆಗೂ ಮಾತಿಲ್ಲ. ಈಗ ಕೇಸು ಮುಗಿದು, ತಿಕ್ಕಿ ತೊಳೆದ ಹೊಸ ಕಾಪಿ ಬಂದಿತ್ತು. ಒಂದೇ ಒಂದು ಆಟ, ಆ ದಿನವೇ, ಭಾನುವಾರ ಮಧ್ಯಾಹ್ನ ಮೂರಕ್ಕೆ.

ಟೀಚರಮ್ಮನ ಭಾವ ಹೇಳಿದ್ದು ನಿಜವೇ ಆಗಿತ್ತು. ಸಿನಿಮಾ ಹದಿನೈದು ರೀಲು. ಊರು ನೋಡಿದ್ದು ಹದಿನಾಲ್ಕು.

ಆಗ ಆಪರೇಟರ್‌ಗೆ ಇಪ್ಪತ್ತೆಂಟು ವರ್ಷ. ಅವನು ಮದುವೆಯಾಗಬೇಕೆಂದಿದ್ದ ಹುಡುಗಿಯ ಅಪ್ಪ ತೂಕ ಅಳತೆ ಇಲಾಖೆಯ ಇನ್ಸ್‌ಪೆಕ್ಟರ್. ಅಂಗಡಿಯವರ ತಕ್ಕಡಿ ಹಿಡಿದು ಹಿಡಿದು ಅವರಿಗೆ ಪ್ರಪಂಚವೇ ಗ್ರಾಂ ಮತ್ತು ಮಿಲಿಲೀಟರಿನಲ್ಲಿ ಕಾಣುತ್ತಿತ್ತು. ಮನೆಯಲ್ಲಿ ಸ್ನಾನಕ್ಕೆ ಮೂರು ಚೊಂಬು ನೀರು, ಹಲ್ಲುಜ್ಜಲು ಒಂದು ಬಟಾಣಿಯಷ್ಟು ಪೇಸ್ಟು, ಮಾತಾಡಲು ಊಟದ ನಂತರ ಕಾಲು ಗಂಟೆ. ಒಬ್ಬಳೇ ಮಗಳು, ಕೊಡುವುದಾದರೆ ಮನೆ ಅಳಿಯನಾಗಿ ಬರುವವನಿಗೇ ಎಂದು ಅವರು ಪಟ್ಟು ಹಿಡಿದರು. ಆಪರೇಟರ್ ಅದಾಗುವುದಿಲ್ಲ ಎಂದ. ಕೊನೆಗೆ ಹುಡುಗಿಯೇ ದಾರಿ ಹೇಳಿದಳು: "ಶುಕ್ರವಾರ ಮೀನಿನ ಸಿನಿಮಾ ಬರುತ್ತಲ್ಲ. ಕೊನೇಲಿ ಅವಳು ಗಂಡನ ಮನೆಗೆ ಬಂದ್ರೆ ನಾನೂ ಬರ್ತೀನಿ. ಅವನು ಅವಳ ಮನೆಗೆ ಹೋದ್ರೆ ನೀವು ಬನ್ನಿ." ಅಪ್ಪನೂ ಒಪ್ಪಿದರು.

ಗುರುವಾರ ಆಪರೇಟರ್ ಖಾಲಿ ಹಾಲಿನಲ್ಲಿ ಒಬ್ಬನೇ ಸಿನಿಮಾ ಓಡಿಸಿ ನೋಡಿದ. ಹದಿನಾಲ್ಕನೇ ರೀಲಿಗೆ ಎದ್ದು ಕುಣಿದ. ಹದಿನೈದನೇ ರೀಲು ಹಾಕಿದರೆ, ಸಮುದ್ರರಾಜ ನೀರು ತೊಟ್ಟಿಕ್ಕಿಸುತ್ತಾ ಬಾಗಿಲಿಗೇ ಬಂದು ನಿಂತು, "ಮಗಳನ್ನ ಕಳಿಸಲ್ಲ, ನೀನೇ ಬಾರಯ್ಯ ಮನೆ ಅಳಿಯನಾಗಿ" ಎನ್ನುತ್ತಾನೆ. ನಾಯಕ ಮನೆಗೆ ಬೀಗ ಹಾಕಿ ಟ್ರಂಕು ಹಿಡಿದು ಸಮುದ್ರಕ್ಕೆ ಹಾರುತ್ತಾನೆ! ಆಪರೇಟರ್ ಅಲ್ಲಿಗೇ ಮಷಿನ್ ಆರಿಸಿ, ಆ ರೀಲನ್ನು ಡಬ್ಬಿಯಲ್ಲಿ ಹಾಕಿ ಮೇಲೆ ಕೂತುಕೊಂಡ.

ಬೇರೆಯವರು ರೀಲು ಬಿಡುವುದು ಬಾಯಲ್ಲಿ. ಇವನು ನಿಜವಾಗಿಯೇ ಒಂದು ರೀಲು ಬಿಟ್ಟ, ನೂರು ದಿನ, ದಿನಕ್ಕೆ ಮೂರಾಟ. ಸಿನಿಮಾ ಮುಗಿಯಿತೆಂದು ಜನಕ್ಕೆ ತಿಳಿಯಬೇಕಲ್ಲ ಎಂದು, ಜಾಹೀರಾತು ತೋರಿಸುವ ಗಾಜಿನ ಸ್ಲೈಡಿನ ಮೇಲೆ ತಾನೇ ಕೈಯಾರೆ ‘ಶುಭಂ’ ಎಂದು ಬರೆದು ಪರದೆಗೆ ಬಿಟ್ಟ. ಗಡಿಬಿಡಿಯಲ್ಲಿ ಸೊನ್ನೆ ಜಾಗ ತಪ್ಪಿತು. ಪರದೆಯ ಮೇಲೆ ಆನೆ ಗಾತ್ರದ ಅಕ್ಷರದಲ್ಲಿ ‘ಶುಂಭ’ ಎಂದು ಮೂಡಿತು. ಜನ ಗೊಂದಲಕ್ಕೆ ಬಿದ್ದರು. ಟೀಚರಮ್ಮನೇ ಅರ್ಥ ಬಿಡಿಸಿದ್ದು: "ಬಾಗಿಲು ತೆಗೆದು ಬಾಯಿ ಬಿಟ್ಕೊಂಡು ನಿಂತಿರ್ತಾನಲ್ಲ, ಅವನನ್ನ ಅವಳು ಪ್ರೀತಿಯಿಂದ ಬೈಯೋದು ಅದು. ಎಂಥಾ ನಿರ್ದೇಶಕ!" ಅಂದಿನಿಂದ ಪ್ರತಿ ಆಟದ ಕೊನೆಗೂ ಇಡೀ ಹಾಲು ಒಟ್ಟಾಗಿ "ಶುಂಭ!" ಎಂದು ಕೂಗಿಯೇ ಏಳುತ್ತಿತ್ತು.

ಹುಡುಗಿ ಮಾತಿಗೆ ತಪ್ಪದೆ ಅಪ್ಪನ ಮನೆ ಬಿಟ್ಟು ಬಂದಳು. ಚಿತ್ರಮಂದಿರದ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಮೂವತ್ತು ವರ್ಷ ಸಂಸಾರ ಮಾಡಿದಳು. ಈಗ ಹದಿನೈದನೇ ರೀಲು ಕಂಡರೆ ಅವಳ ಮುಖ ಹೇಗೆ ನೋಡುವುದು? ಮೋಸದಿಂದ ಮದುವೆಯಾದವನು ಎಂದು ಅವಳು ಒಂದು ಸಲ ತಿರುಗಿ ನೋಡಿದರೂ ತಾನು ಸತ್ತಂತೆ ಎಂದು ಆಪರೇಟರ್‌ಗೆ ಅನ್ನಿಸಿತು. ಅವನಿಗೆ ನಿಜವಾಗಿ ಹೆದರಿಕೆಯಾಗಿತ್ತು.

ಅವನು ಓಡಿ ಬಂದಾಗ ಚಿತ್ರಮಂದಿರದ ಮ್ಯಾನೇಜರ್ ಏಣಿಯ ಮೇಲೆ ನಿಂತು ಬಾಗಿಲಿಗೆ ಬಣ್ಣದ ಕಾಗದ ಅಂಟಿಸುತ್ತಿದ್ದರು.

"ಸಾರ್, ಬರೋರೆಲ್ಲ ವಯಸ್ಸಾದೋರು. ಮಂಡಿ ನೋವು, ಸೊಂಟ ನೋವು. ಕೊನೇಲಿ ಒಂದು ಹತ್ತು ಹನ್ನೊಂದು ನಿಮಿಷ ಕಡಿಮೆ ಮಾಡಿದ್ರೆ ಹೇಗೆ?"

"ಇದೇನ್ರೀ ಮುಖ? ಅರ್ಧ ಹಗಲು ಅರ್ಧ ರಾತ್ರಿ?"

"ಅದಿರ್ಲಿ ಸಾರ್. ಆ ಹನ್ನೊಂದು ನಿಮಿಷ..."

"ಕಡಿಮೆ ಮಾಡೋಕೆ ಅದೇನು ತಲೆಗೂದಲಾ? ಈಗ ರೀಲೆಲ್ಲಿದೆ? ಡಬ್ಬಿಯೊಳಗೆ ಡಬ್ಬಿ, ಅದಕ್ಕೊಂದು ಪಾಸ್‌ವರ್ಡು. ಗುಂಡಿ ಒತ್ತಿದ್ರೆ ಕೊನೆ ಮುಟ್ಟಿಸಿಯೇ ನಿಲ್ಲೋದು." ಮ್ಯಾನೇಜರ್ ಕೆಳಗಿಳಿದು ಅವನ ಹೆಗಲ ಮೇಲೆ ಕೈಯಿಟ್ಟರು. "ಅಂದ ಹಾಗೆ ಇವತ್ತು ನೀವು ಮೇಲೆ ಹೋಗೋದು ಬೇಡ. ಗುಂಡಿ ನಾನೇ ಒತ್ತೀನಿ. ನೀವೂ ನಿಮ್ಮನೆಯವರೂ ಬಾಲ್ಕನಿ ಮೊದಲನೇ ಸಾಲಲ್ಲಿ ಕೂರಬೇಕು. ಒಂದು ಅಡಿ ಫಿಲ್ಮೂ ಹಾಳಾಗದ ಹಾಗೆ ನೂರು ದಿನ ತೋರಿಸಿದೋರು ನೀವು. ನಿಮಗೆ ಮಾಡದೆ ಇನ್ಯಾರಿಗೆ ಮಾಡೋಣ ಮರ್ಯಾದೆ?"

ಆಪರೇಟರ್ ಕೈಮುಗಿದು ಮನೆಗೆ ಬಂದ. ಹೆಂಡತಿ ಅವನ ಬಿಳಿ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಳು. ಅರ್ಧ ಗಡ್ಡವನ್ನು ನೋಡಿದಳು. ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಮೆಲ್ಲಗೆ, "ರೀ, ಇವತ್ತು ನನ್ನ ಹತ್ರ ಏನಾದ್ರೂ ಹೇಳೋದಿದೆಯಾ?" ಎಂದಳು.

"ಏನಿಲ್ವಲ್ಲ."

"ಏನೂ ಇಲ್ವಾ?"

"ಹೊಟ್ಟೆ ನೋವು" ಎಂದುಬಿಟ್ಟ ಆಪರೇಟರ್. ಹೇಳಿದ ಮೇಲೆ ಇದೇನೂ ಕೆಟ್ಟ ಉಪಾಯವಲ್ಲ ಅನ್ನಿಸಿತು. ಗಂಡ ಹೊಟ್ಟೆ ಹಿಡಿದುಕೊಂಡು ಮಲಗಿದರೆ ಹೆಂಡತಿ ಸಿನಿಮಾಕ್ಕೆ ಹೋಗುವುದುಂಟೇ? ಮಂಚದ ಮೇಲೆ ಬಿದ್ದು ನರಳತೊಡಗಿದ.

ಉಳಿದರ್ಧ ಗಡ್ಡ ತೆಗೆಯಲು ಕತ್ತಿ ಹಿಡಿದುಕೊಂಡೇ ಬಂದ ಕ್ಷೌರಿಕ ಅವನನ್ನು ಆ ಸ್ಥಿತಿಯಲ್ಲಿ ನೋಡಿ ಬೀದಿಗೆ ಸುದ್ದಿ ಮುಟ್ಟಿಸಿದ. ಹತ್ತು ನಿಮಿಷದಲ್ಲಿ ಮನೆ ತುಂಬಿತು. ಟೀಚರಮ್ಮ ಬಿಸಿನೀರಿನ ಚೀಲ ತಂದು ಹೊಟ್ಟೆಯ ಮೇಲಿಟ್ಟರು, ಅದು ಸೋರುತ್ತಿತ್ತು. "ಗಾಬರಿ ಆಗಬೇಡಿ, ಕರುಳಿರಬೇಕು" ಎಂದು ಕ್ಷೌರಿಕ ಬಂದವರಿಗೆಲ್ಲ ಸಮಾಧಾನ ಹೇಳುತ್ತಿದ್ದ. ಸಿನಿಮಾ ತಪ್ಪಬಾರದು ಎಂಬ ಒಂದೇ ವಿಷಯದಲ್ಲಿ ಎಲ್ಲರಿಗೂ ಒಮ್ಮತವಿತ್ತು. "ಮಂಚದ ಸಮೇತ ಹೊತ್ಕೊಂಡು ಹೋಗೋಣ. ಮುಖ್ಯ ಅತಿಥಿ ಇಲ್ದೆ ಹೇಗೆ ಶುರು ಮಾಡೋದು?" ಎಂದರು ಟೀಚರಮ್ಮ.

ಅಷ್ಟರಲ್ಲಿ ಬಾಗಿಲಲ್ಲಿ ಮಾವ ಕಾಣಿಸಿಕೊಂಡರು. ಎಂಬತ್ತೆರಡು ವರ್ಷ, ಅಳತೆಪಟ್ಟಿಯ ಹಾಗೆ ನೇರ. ಎರಡು ಬೀದಿ ಆಚೆಗಿನ ಮನೆಯಿಂದ ನಡೆದೇ ಬಂದಿದ್ದರು. ಒಂದು ಕೈಯಲ್ಲಿ ಹರಳೆಣ್ಣೆಯ ಬಾಟಲಿ, ಇನ್ನೊಂದರಲ್ಲಿ ಗೆರೆ ಹಾಕಿದ ಗಾಜಿನ ಲೋಟ.

"ಅಳಿಯಂದ್ರೇ, ತೂಕ ಎಷ್ಟು?"

"ಅರವತ್ತೆಂಟು, ಮಾವ. ಆದ್ರೆ ಈಗ ನೋವು ಸ್ವಲ್ಪ..."

"ಅರವತ್ತೆಂಟಕ್ಕೆ ಮೂವತ್ತು ಮಿಲಿ." ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಸುರಿದರು, ಒಂದು ತೊಟ್ಟು ಹೆಚ್ಚಾದದ್ದನ್ನು ವಾಪಸು ಬಾಟಲಿಗೆ ಹಾಕಿದರು. ಕ್ಷೌರಿಕ ಮೂಗು ಹಿಡಿದ, ಟೀಚರಮ್ಮ ಗಲ್ಲ ಹಿಡಿದರು, ಎಣ್ಣೆ ಒಳಗೆ ಹೋಯಿತು. "ಈಗ ಹೊಟ್ಟೆ ನೋವು ಹೋಯ್ತು, ಹೋಯ್ತು" ಎಂದು ಆಪರೇಟರ್ ಎದ್ದು ಕೂತು ಕೂಗಿದ. ಔಷಧದ ಗುಣ ನೋಡಿ ಎಲ್ಲರೂ ಬೆರಗಾದರು.

ಹೊರಡುವಾಗ ಬಾಗಿಲ ಬಳಿ ಮಾವ ಮಗಳ ಕಡೆ ನೋಡಿ, "ನೋಡೋಣ" ಎಂದರು. "ನೋಡೋಣ ಅಪ್ಪ" ಎಂದಳು ಅವಳು, ಗಟ್ಟಿಯಾಗಿ. ಏನು ನೋಡುವುದು ಎಂದು ಕೇಳುವ ಸ್ಥಿತಿಯಲ್ಲಿ ಆಪರೇಟರ್ ಇರಲಿಲ್ಲ.

ಮೂರಕ್ಕೆ ಹಾಲು ತುಂಬಿ ತುಳುಕಿತು. ನಲವತ್ತೊಂದು ಉಪ್ಪು ಜೋಡಿಗಳಲ್ಲಿ ಮೂವತ್ತಾರು ಬಂದಿದ್ದವು. ಇಬ್ಬರಲ್ಲಿ ಒಬ್ಬರೇ ಉಳಿದವರು, ಪಕ್ಕದ ಸೀಟಿನ ಮೇಲೆ ಕರವಸ್ತ್ರ ಹಾಕಿ ಖಾಲಿ ಬಿಟ್ಟು ಕೂತಿದ್ದರು. ಮೊದಲನೇ ಸಾಲಿನಲ್ಲಿ ಆಪರೇಟರ್, ಅವನ ಪಕ್ಕ ಹೆಂಡತಿ, ಅವಳ ಪಕ್ಕ ಮಾವ. ಮಾವನ ಕೊರಳಿನಲ್ಲಿ ಕಚೇರಿ ಕಾಲದ ಸ್ಟಾಪ್‌ವಾಚ್ ನೇತಾಡುತ್ತಿತ್ತು. ಪರದೆ ಬೆಳಗಿದ ಕೂಡಲೇ ಅವರು ಅದನ್ನು ಒತ್ತಿದರು.

ನಲ್ಲಿಯಲ್ಲಿ ಹಾಡು ಬಂತು. ಟೀಚರಮ್ಮ ಮತ್ಸ್ಯಕನ್ಯೆಗಿಂತ ಅರ್ಧ ಸೆಕೆಂಡು ಮೊದಲೇ ಅವಳ ಮಾತುಗಳನ್ನೆಲ್ಲ ಹೇಳುತ್ತಿದ್ದರು. ಚಹಾಕ್ಕೆ ಉಪ್ಪು ಹಾಕಿಕೊಳ್ಳುವ ದೃಶ್ಯಕ್ಕೆ ಅರವತ್ತು ದಾಟಿದವರೆಲ್ಲ ಸಿಳ್ಳೆ ಹೊಡೆದರು. ಹಲ್ಲಿಲ್ಲದವರದು ಬರೀ ಗಾಳಿಯಾಯಿತು. ಕೆಳಗಿನ ಸಾಲಿನಲ್ಲಿ ಒಬ್ಬಾಕೆ ಗಂಡನ ಬೋಳುತಲೆಯ ಮೇಲೆ ಬೆರಳಿನಿಂದ ಅಲೆ ಬರೆಯುತ್ತಿದ್ದಳು.

ಇಂಟರ್‌ವಲ್ಲಿನಲ್ಲಿ ಹೆಂಡತಿ ಅವನ ಕೈಮೇಲೆ ಕೈಯಿಟ್ಟಳು. "ಒಂದು ವಿಷಯ ಗೊತ್ತಾ ರೀ? ನಾವಿಬ್ರೂ ಈ ಸಿನಿಮಾನ ಒಟ್ಟಿಗೆ ನೋಡ್ತಿರೋದು ಇದೇ ಮೊದಲು. ಆಗೆಲ್ಲ ನೀವು ಮೇಲೆ ಮಷಿನ್ ಹತ್ರ, ನಾನು ಕೆಳಗೆ. ಎಲ್ರೂ ಪರದೆ ನೋಡ್ತಿದ್ರೆ ನಾನು ಹಿಂದೆ ತಿರುಗಿ ಆ ಸಣ್ಣ ಕಿಂಡೀಲಿ ಬರೋ ಬೆಳಕು ನೋಡ್ತಿದ್ದೆ. ಇವತ್ತು ಕೊನೆವರೆಗೂ ಪಕ್ಕದಲ್ಲೇ ಕೂತಿರಿ."

ಆಪರೇಟರ್‌ಗೆ ಎಲ್ಲವನ್ನೂ ಹೇಳಿಬಿಡೋಣ ಅನ್ನಿಸಿತು. ಬಾಯಿ ತೆರೆದ. ಆ ಹೊತ್ತಿಗೆ ಸರಿಯಾಗಿ ಮೂವತ್ತು ಮಿಲಿ ಕೆಲಸ ಶುರು ಮಾಡಿತು.

ಮೊದಲ ಸಲ ಓಡಿ ಹೋಗಿ ಬಂದಾಗ ಅವನಿಗೆ ಒಂದು ಸಂಗತಿ ನೆನಪಾಗಿತ್ತು: ಶೌಚಾಲಯದ ಪಕ್ಕದಲ್ಲೇ ಚಿತ್ರಮಂದಿರದ ಫ್ಯೂಸು ಬೋರ್ಡು. ಎರಡನೇ ಸಲ ಹೋಗಿ ಬಂದಾಗ ಹೊಸ ಮಷಿನ್ನಿನ ಫ್ಯೂಸು ಯಾವುದೆಂದು ಗುರುತು ಹಿಡಿದಿದ್ದ. ಮೂರನೇ ಸಲ ಎದ್ದಾಗ ಪರದೆಯ ಮೇಲೆ ಮತ್ಸ್ಯಕನ್ಯೆ ಅಪ್ಪನಿಗೆ ಎದುರು ಮಾತಾಡುತ್ತಿದ್ದಳು. "ಈಗ್ಲೇ ಹೋಗ್ಬೇಕಾ?" ಎಂದಳು ಹೆಂಡತಿ. "ತಡೆಯೋಕಾಗಲ್ಲ ಕಣೇ" ಎಂದ ಅವನು. ಅದು ಸುಳ್ಳೂ ಆಗಿರಲಿಲ್ಲ.

ಒಳಗೆ ಕೂತು ಕಿವಿಯನ್ನು ಗೋಡೆಗೆ ಒತ್ತಿದ. ಬಾಲ ಕಳಚುವ ಸಂಗೀತ ಬಂತು. ಇನ್ನು ಎರಡು ನಿಮಿಷ. ಹೊಟ್ಟೆ ಏಳಬೇಡ ಎನ್ನುತ್ತಿತ್ತು, ಮೂವತ್ತು ವರ್ಷದ ಸಂಸಾರ ಏಳು ಎನ್ನುತ್ತಿತ್ತು. ಮೆಟ್ಟಿಲಿನ ಮೇಲೆ ಒದ್ದೆ ಹೆಜ್ಜೆಯ ಸದ್ದು ಕೇಳಿದೊಡನೆ ಪ್ಯಾಂಟು ಹಿಡಿದುಕೊಂಡು ಹೊರಗೆ ಬಂದ. ಬಾಗಿಲು ತಟ್ಟುವ ಸದ್ದು. ಬಾಗಿಲು ತೆರೆಯುವ ಸದ್ದು. ಟೀಚರಮ್ಮನ ದನಿ, ಆಮೇಲೆ ಮತ್ಸ್ಯಕನ್ಯೆಯ ದನಿ: "ಮನೇಲಿ ಉಪ್ಪಿದೆಯಾ?" ಆಪರೇಟರ್ ಬಿಳಿ ಪಿಂಗಾಣಿಯ ಫ್ಯೂಸನ್ನು ಕಿತ್ತು ಶರ್ಟಿನ ಜೇಬಿಗೆ ಹಾಕಿಕೊಂಡ.

ಪರದೆ ಕಪ್ಪಾಯಿತು. ಚಪ್ಪಾಳೆ ಸೂರು ಹಾರಿಸುವಂತೆ ಎದ್ದಿತು. ಆಪರೇಟರ್ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡ. ಗೆದ್ದಿದ್ದ. ಆದರೆ ಚಪ್ಪಾಳೆ ನಿಂತ ಮೇಲೆ ಟೀಚರಮ್ಮನ ದನಿ ಕೇಳಿತು: "ಶುಂಭ ಎಲ್ಲಿ?" ಹೊಸ ಕಾಪಿಯಲ್ಲಿ ಅದನ್ನು ತೆಗೆದಿದ್ದಾರೆಂದು ಜನಕ್ಕೆ ಸಿಟ್ಟು ಬಂತು. ಕಾಲಿನಿಂದ ನೆಲ ಒದೆಯುತ್ತಾ "ಶುಂಭ! ಶುಂಭ!" ಎಂದು ಕೂಗತೊಡಗಿದರು. ಆಪರೇಟರ್ ಕತ್ತಲಲ್ಲಿ ತಡಕಾಡುತ್ತಾ ಬಾಲ್ಕನಿಯ ಬಾಗಿಲು ತೆರೆದು ಒಳಗೆ ಕಾಲಿಟ್ಟದ್ದಕ್ಕೂ, ಮ್ಯಾನೇಜರ್ ಹಾಲಿನ ದೀಪ ಹಾಕಿದ್ದಕ್ಕೂ ಸರಿಹೋಯಿತು. ಅರ್ಧ ಗಡ್ಡ, ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಪ್ಯಾಂಟು ಹಿಡಿದು ನಿಂತಿದ್ದ ಅವನನ್ನು ನೋಡಿ ಇಡೀ ಹಾಲು ಇನ್ನೊಮ್ಮೆ, ಬಹಳ ಪ್ರೀತಿಯಿಂದ, "ಶುಂಭ!" ಎಂದು ಕೂಗಿ, ತೃಪ್ತಿಯಿಂದ ಎದ್ದು ಹೊರಟಿತು.

ಮನೆಗೆ ಬಂದು ಕೂತ ಮೇಲೆ ಹೆಂಡತಿ ಕೈ ಚಾಚಿದಳು. "ಫ್ಯೂಸು ಕೊಡಿ."

"ಯಾವ ಫ್ಯೂಸು?"

"ಜೇಬಲ್ಲಿರೋದು. ಶರ್ಟು ಒಂದು ಕಡೆ ಜೋತುಬಿದ್ದಿದೆ."

ಆಪರೇಟರ್ ಕೊಟ್ಟ. ಅವಳು ಅದನ್ನು ಕೈಯಲ್ಲಿ ಹೊರಳಿಸಿ ನೋಡಿದಳು. "ಆಗ ರೀಲು ಬಿಟ್ರಿ. ಈಗ ಫ್ಯೂಸು ಕಿತ್ರಿ."

"ನಿಂಗೆ... ಯಾವಾಗಿಂದ ಗೊತ್ತು?"

"ಮೊದಲನೇ ದಿನದಿಂದ. ಶುಂಭ ಅಂತ ಬಂತಲ್ಲ, ಅದು ನಿಮ್ಮದೇ ಕೈ ಅಂತ ಗೊತ್ತಾಗಲ್ವಾ? ನೀವು ನಂಗೆ ಬರೆದ ಕಾಗದದಲ್ಲೆಲ್ಲ ಸೊನ್ನೆ ಒಂದಕ್ಷರ ಮುಂಚೇನೇ ಬಂದು ಕೂತಿರ್ತಿತ್ತು. ‘ಪ್ರೇಮದಿಂದ’ ಅನ್ನೋದನ್ನ ‘ಪ್ರೇಮಂದಿದ’ ಅಂತ ಬರೀತಿದ್ರಿ." ಅವಳು ಸ್ವಲ್ಪ ನಕ್ಕಳು. "ಅಷ್ಟೇ ಅಲ್ಲ. ಅದಕ್ಕೆ ಎರಡು ವಾರ ಮುಂಚೆ ಚಿಕ್ಕಮ್ಮನ ಊರಲ್ಲಿ ನಾನು ಪೂರ್ತಿ ಸಿನಿಮಾ ನೋಡಿದ್ದೆ."

"ಅವನು ಮನೆ ಅಳಿಯ ಆಗೋದು ನೋಡಿಯೂ ಆ ಪಂದ್ಯ ಕಟ್ಟಿದ್ಯಾ?"

"ನೀವು ಆ ರೀಲು ಪೂರ್ತಿ ನೋಡಿದ್ರಾ?"

"ಅವನು ಟ್ರಂಕು ಹಿಡ್ಕೊಂಡು ಸಮುದ್ರಕ್ಕೆ ಹಾರಿದ ತಕ್ಷಣ ಮಷಿನ್ ಆರಿಸಿದೆ."

ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ, ಆಮೇಲೆ ಇನ್ನೂ ಆರು ನಿಮಿಷ ಇದೆ ರೀ! ಅವನು ಅಲ್ಲಿ ಹೋಗಿ ಒಣಗಿದ ಟವೆಲ್ ಕೊಡಿ, ಒಣಗಿದ ಟವೆಲ್ ಕೊಡಿ ಅಂತ ಸಮುದ್ರರಾಜನ ತಲೆ ತಿಂತಾನೆ. ನಾಲ್ಕನೇ ದಿನಕ್ಕೆ ರಾಜ ಕೈಮುಗಿದು ಇಬ್ಬರನ್ನೂ ದಡಕ್ಕೆ ಬಿಟ್ಟು ಹೋಗ್ತಾನೆ. ಅವಳು ಮತ್ತೆ ಅದೇ ಮೆಟ್ಟಿಲು ಹತ್ತಿ ಅವನ ಮನೆಗೇ ಬರ್ತಾಳೆ. ಅದು ಗೊತ್ತಿದ್ದೇ ನಾನು ಪಂದ್ಯ ಕಟ್ಟಿದ್ದು. ಆ ಮೂರು ಚೊಂಬಿನ ಮನೆಯಿಂದ ಆಚೆ ಬರಬೇಕಿತ್ತು ನಂಗೆ."

"ಅಂದ್ರೆ ನಾನು ರೀಲು ಬಿಡದೇ ಇದ್ದಿದ್ರೂ..."

"ಬಂದೇ ಬರ್ತಿದ್ದೆ. ಆದ್ರೆ ನನಗೋಸ್ಕರ ಒಬ್ಬ ಇಡೀ ಊರಿಗೇ ರೀಲು ಬಿಡ್ತಿದಾನಲ್ಲ ಅಂತ ಆವತ್ತು ಎಷ್ಟು ಖುಷಿಯಾಗಿತ್ತು ಗೊತ್ತಾ?"

ಆಪರೇಟರ್ ಮೂವತ್ತು ವರ್ಷದಲ್ಲಿ ಮೊದಲ ಸಲ ಹಗುರಾಗಿ ಉಸಿರುಬಿಟ್ಟ. ಕಣ್ಣು ಒದ್ದೆಯಾಯಿತು. "ಹಾಗಾದ್ರೆ ಎಲ್ಲಾ ಸರಿಹೋಯ್ತಲ್ಲ!" ಎಂದ.

ಹೆಂಡತಿ ನಗಲಿಲ್ಲ. ಬಾಗಿಲ ಕಡೆ ನೋಡಿದಳು. ಅಲ್ಲಿ ಮಾವ ಸ್ಟಾಪ್‌ವಾಚನ್ನು ಎತ್ತಿ ಹಿಡಿದು ನಿಂತಿದ್ದರು.

"ಇಂಟರ್‌ವಲ್ ಕಳೆದು ಎರಡು ಗಂಟೆ ಇಪ್ಪತ್ತೊಂಬತ್ತು ನಿಮಿಷ. ಪೋಸ್ಟರಲ್ಲಿ ಎರಡು ನಲವತ್ತು. ಹನ್ನೊಂದು ನಿಮಿಷ ಕಡಿಮೆ." ಒಳಗೆ ಬಂದು ಕೂತರು. "ಆಗಲೂ ಅಷ್ಟೇ, ಇದೇ ವಾಚಲ್ಲಿ ಹಿಡಿದಿದ್ದೆ. ನಿಮ್ಮ ಮದುವೆಯಾಗಿ ತಿಂಗಳಿಗೆ ಆ ಡಬ್ಬಿಗಳು ವಾಪಸು ಹೋಗ್ತಿದ್ವು, ಮೇಲೆ ಹದಿನೈದು ಅಂತ ಬರೆದಿತ್ತು. ಊರು ನೋಡಿದ್ದು ಹದಿನಾಲ್ಕು. ನನ್ನ ಇಡೀ ಸರ್ವೀಸಲ್ಲಿ ಕೈತಪ್ಪಿಸ್ಕೊಂಡ ಕೇಸು ನಿಮ್ಮದೊಂದೇ ಅಳಿಯಂದ್ರೇ."

ಆಪರೇಟರ್ ಹೆಂಡತಿಯ ಕಡೆ ತಿರುಗಿದ. ಅವಳು ನೆಲ ನೋಡುತ್ತಾ ಹೇಳಿದಳು: "ಹೋದ ವಾರ ಪೋಸ್ಟರು ಹಾಕಿದ ದಿನ ಅಪ್ಪ, ‘ನಿನ್ನ ಗಂಡ ಈ ಸಲಾನೂ ಕತ್ತರಿ ಹಾಕ್ತಾನೆ’ ಅಂದ್ರು. ನಾನು, ‘ಇಲ್ಲ, ಈ ಸಲ ನನ್ನ ಪಕ್ಕ ಕೂತು ಕೊನೆವರೆಗೂ ನೋಡ್ತಾರೆ’ ಅಂದೆ. ಮತ್ತೆ ಪಂದ್ಯ ಆಯ್ತು. ನಾನು ಗೆದ್ರೆ ಅಪ್ಪ ಇನ್ಮೇಲೆ ಆ ಮಾತು ಎತ್ತಬಾರದು. ಸೋತ್ರೆ..."

"ಸೋತ್ರೆ?"

"ನಾವು ಅಪ್ಪನ ಮನೆಗೆ. ಇವತ್ತಿಂದಾನೇ. ನೀವು ಕತ್ತರಿ ಹಾಕಲ್ಲ ಅಂತ ಅಷ್ಟು ನಂಬಿದ್ದೆ ರೀ. ಅದಕ್ಕೇ ಬೆಳಿಗ್ಗೆ ಕೇಳಿದ್ದು, ಏನಾದ್ರೂ ಹೇಳೋದಿದೆಯಾ ಅಂತ."

ಏನೂ ಮಾಡದೆ ಸುಮ್ಮನೆ ಸೀಟಿನಲ್ಲಿ ಕೂತಿದ್ದರೆ ಸಾಕಿತ್ತು. ಆಪರೇಟರ್ ಹೊಟ್ಟೆ ಹಿಡಿದುಕೊಂಡ. ಈ ಸಲ ಎಣ್ಣೆಯ ಕಾರಣಕ್ಕಲ್ಲ.

ಅವರು ಟ್ರಂಕಿನ ಒಂದೊಂದು ಕಿವಿ ಹಿಡಿದು ಹೊರಟಾಗ ಸಂಜೆ ಆರೂವರೆ. ಹೆಂಡತಿ ಮೊದಲು ಫ್ಯೂಸನ್ನು ಮ್ಯಾನೇಜರಿಗೆ ಒಪ್ಪಿಸಿದ್ದಳು. "ಅಯ್ಯೋ, ಸಿನಿಮಾ ಮುಗಿದೇ ಇರಲಿಲ್ವಂತೆ!" ಎಂದು ಕ್ಷೌರಿಕ ಬೀದಿ ಬೀದಿ ಕೂಗಿ, ಹೋದವರೆಲ್ಲ ವಾಪಸು ಓಡಿ ಬಂದಿದ್ದರು. ಚಿತ್ರಮಂದಿರದ ಗೋಡೆಯ ಪಕ್ಕದಲ್ಲಿ ನಡೆಯುವಾಗ ಒಳಗಿನಿಂದ ದೊಡ್ಡ ನಗು ಕೇಳಿತು. "ಇದು ಟವೆಲ್ ಸೀನು" ಎಂದಳು ಹೆಂಡತಿ. ಇನ್ನೊಂದು ನಗು. "ಇದು ರಾಜ ಕೈ ಮುಗಿಯೋದು." ಆಮೇಲೆ ಚಪ್ಪಾಳೆ, ಕೊನೆಗೆ "ಶುಂಭ!" ಹದಿನೈದನೇ ರೀಲನ್ನು ಪೂರ್ತಿ ನೋಡದೆ ಉಳಿದವನು ಈಗ ಮಾವನನ್ನು ಬಿಟ್ಟರೆ ಊರಿಗೆಲ್ಲ ಆಪರೇಟರ್ ಒಬ್ಬನೇ. ಅವನ ತೋಳು ಸೋತಾಗ ಹೆಂಡತಿ ತನ್ನ ಕಡೆಯ ಕಿವಿಯನ್ನು ಸ್ವಲ್ಪ ಮೇಲೆತ್ತಿಕೊಂಡಳು.

"ಮಾವ, ಆ ಸಮುದ್ರರಾಜ ಅಳಿಯನನ್ನ ನಾಲ್ಕೇ ದಿನಕ್ಕೆ ವಾಪಸು ಕಳಿಸಿದನಂತೆ" ಎಂದ ಆಪರೇಟರ್, ಆಸೆಯಿಂದ.

"ಅವನಿಗೆ ತಾಳ್ಮೆ ಇರಲಿಲ್ಲ" ಎಂದರು ಮುಂದೆ ಹೋಗುತ್ತಿದ್ದ ಮಾವ.

ಮೆಟ್ಟಿಲು ಹತ್ತಿ ಟ್ರಂಕು ಇಳಿಸಿದರು. ಮಾವ ಬಾಗಿಲು ತೆರೆದು ಒಳಗೆ ನಿಂತರು. ಅರ್ಧ ಗಡ್ಡದ ಆಪರೇಟರ್ ಹೊಸ್ತಿಲ ಹೊರಗೆ ನಿಂತು ಹೆಂಡತಿಯನ್ನು ನೋಡಿದ. ಅವಳ ತುಟಿಯ ಅಂಚಿನಲ್ಲಿ ನಗು ತಡೆದು ನಿಂತಿತ್ತು. ಹೇಗಿದ್ದರೂ ಬಂದಾಯಿತು ಎಂದು ಅವನೇ ಕೇಳಿದ:

"ಮನೇಲಿ ಉಪ್ಪಿದೆಯಾ?"

"ಇದೆ" ಎಂದರು ಮಾವ. "ತಲೆಗೆ ಐದು ಗ್ರಾಂ."